ಹೆಣ್ಣಿನ ಹಣಕ್ಕೆ ಹೆಣ್ಣೇ ಸಲಹೆಗಾರ್ತಿ

ಪಿಯುಸಿ ಫಲಿತಾಂಶ ಬಂದು ಹದಿನೈದು ದಿನ ಕಳೆಯುವಷ್ಟರಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳ ಕಟ್ಟು ದಪ್ಪವಾಗುತ್ತದೆ. ಈ ಸಲ ಬಂದವುಗಳಲ್ಲಿ ಹಾವೇರಿ ಜಿಲ್ಲೆಯ ತಾಯಿಯೊಬ್ಬರ ಪತ್ರವನ್ನು ಎರಡು ಬಾರಿ ಓದಿದೆ. ‘ಮಗಳು ವಾಣಿಜ್ಯ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ಬಿ.ಕಾಂ. ಸೇರಿಸುತ್ತೇವೆ. ಆಮೇಲೆ ಬ್ಯಾಂಕ್ ಪರೀಕ್ಷೆ ಬರೆಯಲಿ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಅವಳಿಗೆ ನಾಲ್ಕು ಜನರ ಜೊತೆ ಮಾತನಾಡುವ ಕೆಲಸ ಬೇಕಂತೆ. ಲೆಕ್ಕವೂ ಇರಬೇಕು, ಜನರೂ ಇರಬೇಕು, ಅಂಥ ಕೆಲಸ ಯಾವುದಾದರೂ ಇದೆಯೇ?’

ಇದೆ. ಅದರ ಹೆಸರು ಆರ್ಥಿಕ ಯೋಜನೆ. ಒಂದು ಕುಟುಂಬದ ಆದಾಯ, ಖರ್ಚು, ಸಾಲ, ವಿಮೆ, ಉಳಿತಾಯ, ಮುಪ್ಪಿನ ಕಾಲದ ವ್ಯವಸ್ಥೆ, ಆಸ್ತಿಯ ಕಾಗದಪತ್ರ ಇವೆಲ್ಲವನ್ನೂ ಒಟ್ಟಿಗೆ ಮುಂದಿಟ್ಟುಕೊಂಡು, ಹೀಗೆ ಮಾಡಿದರೆ ಒಳ್ಳೆಯದು ಎಂದು ಹೇಳುವ ಕೆಲಸ. ಅದರಲ್ಲೂ ಹೆಂಗಸರಿಗೆ ಹೆಂಗಸರೇ ಸಲಹೆ ಕೊಡುವ ಕ್ಷೇತ್ರಕ್ಕೆ ನಮ್ಮಲ್ಲಿ ಬಹಳ ಅವಕಾಶವಿದೆ. ಕೋರ್ಸು, ಪರೀಕ್ಷೆಗಳ ವಿವರಕ್ಕೆ ಹೋಗುವ ಮೊದಲು ನಮ್ಮ ಮನೆಯದೇ ಒಂದು ಸಂಗತಿಯನ್ನು ಹೇಳಬೇಕು. ಈ ವೃತ್ತಿ ಏಕೆ ಬೇಕು ಎಂಬುದು ನನಗೆ ಅರ್ಥವಾದದ್ದು ಯಾವ ಪುಸ್ತಕದಿಂದಲೂ ಅಲ್ಲ, ನನ್ನ ಚಿಕ್ಕಮ್ಮನಿಂದ.

ಮುನ್ನೂರು ಕಾರ್ಡುಗಳ ಚೀಲ

ಚಿಕ್ಕಮ್ಮ ಸಾಗರದಲ್ಲಿ ಅಂಚೆ ಕಚೇರಿಯ ಆರ್.ಡಿ. ಏಜೆಂಟ್ ಆಗಿದ್ದರು. 1972ರಲ್ಲಿ ಆರಂಭವಾದ ಮಹಿಳಾ ಪ್ರಧಾನ ಕ್ಷೇತ್ರೀಯ ಬಚತ್ ಯೋಜನೆ ಎಂಬುದೊಂದಿದೆ. ಮನೆಮನೆಗೆ ಹೋಗಿ ಐದು ವರ್ಷದ ಆವರ್ತ ಠೇವಣಿಯ ಕಂತು ವಸೂಲು ಮಾಡಿ ಅಂಚೆ ಕಚೇರಿಗೆ ಕಟ್ಟುವ ಕೆಲಸವನ್ನು ಮಹಿಳೆಯರಿಗೇ ಮೀಸಲಿಟ್ಟ ಯೋಜನೆ ಅದು. ಇಂದಿಗೂ ನಡೆಯುತ್ತಿದೆ. ಕಟ್ಟಿದ ಹಣಕ್ಕೆ ಶೇ 4ರಂತೆ ಕಮಿಷನ್. ಚಿಕ್ಕಮ್ಮನ ಬಟ್ಟೆಯ ಚೀಲದಲ್ಲಿ ಮುನ್ನೂರು ಕಾರ್ಡುಗಳಿದ್ದವು. ಹತ್ತು ರೂಪಾಯಿ ಕಟ್ಟುವ ಹೂವಾಡಗಿತ್ತಿಯಿಂದ ಹಿಡಿದು ನೂರು ರೂಪಾಯಿ ಕಟ್ಟುವ ಹೈಸ್ಕೂಲ್ ಮೇಡಂವರೆಗೆ ಎಲ್ಲರೂ ಅದರಲ್ಲಿದ್ದರು. ತಿಂಗಳಿಗೆ ಹದಿನೈದು ಸಾವಿರದಷ್ಟು ವಸೂಲಿಯಾದರೆ ಆರು ನೂರು ರೂಪಾಯಿ ಕೈಗೆ ಬರುತ್ತಿತ್ತು. ಎಂಬತ್ತರ ದಶಕದಲ್ಲಿ ಅದೇನೂ ಕಡಿಮೆ ಹಣವಲ್ಲ.

ಯಾರ ಕಂತು ತಿಂಗಳ ಹದಿನೈದರೊಳಗೆ ಹೋಗಬೇಕು, ಯಾರದು ತಿಂಗಳ ಕೊನೆಗೆ ಎಂಬುದು ಚಿಕ್ಕಮ್ಮನಿಗೆ ಬಾಯಿಪಾಠ. ಮಳೆಗಾಲದಲ್ಲೂ ಕೊಡೆ ಹಿಡಿದು ಹೊರಡುತ್ತಿದ್ದರು. ಬೇರೆಯವರ ಒಂದು ಕಂತೂ ತಪ್ಪಲು ಬಿಟ್ಟವರಲ್ಲ.

ಚಿಕ್ಕಪ್ಪನದು ಸೈಕಲ್ ಅಂಗಡಿ. 1988ರಲ್ಲಿ ಅಂಗಡಿ ದೊಡ್ಡದು ಮಾಡಬೇಕೆಂದು ನಲವತ್ತು ಸಾವಿರ ಸಾಲ ತೆಗೆದರು. ಜಾಮೀನಿಗೆ ಇನ್ನೊಬ್ಬರು ಬೇಕಿತ್ತು. ಚಿಕ್ಕಪ್ಪ ಬೆರಳು ತೋರಿಸಿದ ಕಡೆಯಲ್ಲೆಲ್ಲ ಚಿಕ್ಕಮ್ಮ ಸಹಿ ಹಾಕಿದರು. ಏನು ಬರೆದಿದೆ ಎಂದು ಕೇಳಲಿಲ್ಲ. ಗಂಡನ ಕಾಗದವನ್ನು ಓದಿ ನೋಡುವುದು ಅಪನಂಬಿಕೆ ತೋರಿಸಿದಂತೆ ಎಂದು ಅವರಿಗೆ ಅನ್ನಿಸಿತ್ತು. 1991ರಲ್ಲಿ ಒಂದು ಬೆಳಿಗ್ಗೆ ಎದೆನೋವು ಬಂದು ಚಿಕ್ಕಪ್ಪ ತೀರಿಕೊಂಡರು. ಹದಿನಾಲ್ಕನೆಯ ದಿನ ಸಾಲದ ನೋಟೀಸು ಬಂತು. ಟ್ರಂಕಿನ ತಳದಲ್ಲಿ ಒಂದು ಜೀವವಿಮಾ ಪಾಲಿಸಿ ಸಿಕ್ಕಿತು. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ವಿಚಾರಿಸಿದರೆ, ಎರಡು ವರ್ಷ ಕಟ್ಟಿ ಆಮೇಲೆ ಕಂತು ನಿಲ್ಲಿಸಿದ್ದರಿಂದ ಪಾಲಿಸಿ ರದ್ದಾಗಿತ್ತು. ಅಂಥದೊಂದು ಪಾಲಿಸಿ ಇದೆಯೆಂಬುದೇ ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ.

‘ಮುನ್ನೂರು ಮನೆಯ ತಾರೀಖು ನೆನಪಿಟ್ಟೆ. ನಮ್ಮನೆ ತಾರೀಖು ಒಂದನ್ನು ಕೇಳಲೇ ಇಲ್ಲ ನೋಡು’ ಎಂದು ಆ ದಿನ ನನ್ನ ತಾಯಿಯ ಹತ್ತಿರ ಹೇಳಿ ಅತ್ತದ್ದು ನನಗೆ ನೆನಪಿದೆ.

ಜಾಮೀನುದಾರನ ಹೊಣೆ ಸಾಲ ಪಡೆದವನ ಹೊಣೆಯಷ್ಟೇ ಎಂದು 1872ರ ಭಾರತೀಯ ಕರಾರು ಕಾಯ್ದೆಯೇ ಹೇಳುತ್ತದೆ. ಅಂಗಡಿಯ ಸಾಮಾನು ಮಾರಿ, ಬಳೆ ಮಾರಿ, ಉಳಿದದ್ದನ್ನು ಕಮಿಷನ್ ಹಣದಿಂದ ಏಳು ವರ್ಷ ಕಟ್ಟಿ ಚಿಕ್ಕಮ್ಮ ಸಾಲ ತೀರಿಸಿದರು. ಚೀಲ ಮಾತ್ರ ಕೆಳಗಿಡಲಿಲ್ಲ. ಆದರೆ ಅವರ ಕೆಲಸದ ಬಗೆ ಬದಲಾಯಿತು. ಮೊದಲು ಬಾಗಿಲಲ್ಲಿ ನಿಂತು ‘ಈ ತಿಂಗಳ ಹಣ’ ಎಂದಷ್ಟೇ ಕೇಳುತ್ತಿದ್ದವರು ಈಗ ಜಗಲಿಯ ಮೇಲೆ ಕೂತು ವಿಚಾರಿಸತೊಡಗಿದರು. ‘ನಿಮ್ಮನೆಯವರ ಪಾಲಿಸಿ ಎಷ್ಟಿದೆ? ಪುಸ್ತಕ ಎಲ್ಲಿಟ್ಟಿದ್ದಾರೆ? ಕಂತು ಕಟ್ಟಿದ್ದಾರಾ? ನಾಮಿನಿ ಯಾರು? ಯಾರಿಗಾದರೂ ಜಾಮೀನು ನಿಂತಿದ್ದಾರಾ?’ ಕೆಲವು ಗಂಡಸರಿಗೆ ಸಿಟ್ಟು ಬಂತು. ಐದಾರು ಮನೆಯವರು ಕಾರ್ಡು ವಾಪಸು ಪಡೆದರು. ಉಳಿದವರು ಒಳಗೆ ಕರೆದು ಕಾಫಿ ಕೊಟ್ಟರು. ಯಾವ ಪದವಿಯೂ ಇಲ್ಲದ ಚಿಕ್ಕಮ್ಮ ಅಂದು ಮಾಡುತ್ತಿದ್ದುದು ಆರ್ಥಿಕ ಯೋಜನೆಯ ಮೊದಲ ಪಾಠವೇ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಹೆಂಗಸರಿಗೆ ಬೇರೆ ಲೆಕ್ಕವೇ?

‘ಹಣಕ್ಕೆ ಗಂಡು, ಹೆಣ್ಣು ಎಂಬ ಭೇದವಿದೆಯೇ?’ ಎಂದು ವಿದ್ಯಾರ್ಥಿಗಳು ಕೇಳಬಹುದು. ಹಣಕ್ಕಿಲ್ಲ. ಆದರೆ ಬದುಕಿನಲ್ಲಿ ಇದೆ.

ಮೊದಲನೆಯದಾಗಿ, ನಮ್ಮ ದೇಶದಲ್ಲಿ ಹೆಂಗಸರ ಸರಾಸರಿ ಆಯುಷ್ಯ ಗಂಡಸರಿಗಿಂತ ಹೆಚ್ಚು. ಜೊತೆಗೆ ಹೆಂಡತಿ ಸಾಮಾನ್ಯವಾಗಿ ಗಂಡನಿಗಿಂತ ಚಿಕ್ಕವಳು. ಎಂದರೆ ಬಹಳಷ್ಟು ಹೆಂಗಸರು ಬಾಳಿನ ಕೊನೆಯ ಕೆಲವು ವರ್ಷಗಳನ್ನು ಒಂಟಿಯಾಗಿ ನಿಭಾಯಿಸಬೇಕಾಗುತ್ತದೆ. ಅಷ್ಟರಲ್ಲಿ ಬೆಲೆ ಏರಿರುತ್ತದೆ. ಇದಕ್ಕೊಂದು ಸುಲಭದ ಲೆಕ್ಕವಿದೆ. 72ನ್ನು ಬೆಲೆಯೇರಿಕೆಯ ದರದಿಂದ ಭಾಗಿಸಿದರೆ ಖರ್ಚು ಎಷ್ಟು ವರ್ಷದಲ್ಲಿ ಎರಡು ಪಟ್ಟಾಗುತ್ತದೆ ಎಂದು ಹೆಚ್ಚುಕಡಿಮೆ ತಿಳಿಯುತ್ತದೆ. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ ಇಂದು ತಿಂಗಳಿಗೆ 30 ಸಾವಿರದಲ್ಲಿ ನಡೆಯುವ ಮನೆಗೆ 12 ವರ್ಷದ ನಂತರ 60 ಸಾವಿರ ಬೇಕು.

ಎರಡನೆಯದಾಗಿ, ಹೆರಿಗೆ, ಮಕ್ಕಳ ಪಾಲನೆ, ಅತ್ತೆಮಾವಂದಿರ ಶುಶ್ರೂಷೆ ಎಂದು ಕೆಲಸ ಬಿಡುವವರು ಹೆಚ್ಚಾಗಿ ಹೆಂಗಸರೇ. ತಿಂಗಳಿಗೆ 5 ಸಾವಿರ ಉಳಿಸಬಲ್ಲವಳು ಐದು ವರ್ಷ ಕೆಲಸ ಬಿಟ್ಟರೆ ಹೋದದ್ದು 3 ಲಕ್ಷ ಎಂದು ನಮಗೆ ಕಾಣುತ್ತದೆ. ಅದೇ 3 ಲಕ್ಷ ಶೇ 8ರಂತೆ ಬೆಳೆದರೆ ಒಂಬತ್ತು ವರ್ಷಕ್ಕೊಮ್ಮೆ ಎರಡು ಪಟ್ಟಾಗುತ್ತ 27 ವರ್ಷದಲ್ಲಿ 24 ಲಕ್ಷವಾಗುತ್ತದೆ. ಕಳೆದುಹೋದದ್ದು ನಿಜವಾಗಿ ಅದು. ಕೆಲಸ ಬಿಡಬಾರದು ಎಂದು ಇದರ ಅರ್ಥವಲ್ಲ. ಬಿಡುವ ಮೊದಲು ಗಂಡ ಹೆಂಡತಿ ಕೂತು, ಈ ವರ್ಷಗಳಲ್ಲಿ ಅವಳ ಹೆಸರಿಗೆ ಯಾರು, ಎಷ್ಟು ಕಟ್ಟಬೇಕು ಎಂದು ಮಾತಾಡಬೇಕು. ಆ ಮಾತನ್ನು ಆಡಿಸುವವರು ಬೇಕು.

ಮೂರನೆಯದು ಕಾನೂನಿನ ಅರಿವು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಅಡ್ಡಿಯೂ ಹೋಯಿತು. ಇಷ್ಟಾದರೂ ತವರಿಗೆ ಹೋದಾಗ ಅಣ್ಣ ಚಾಚಿದ ಹಕ್ಕು ಬಿಡುಗಡೆ ಪತ್ರಕ್ಕೆ ಓದದೆ ಸಹಿ ಹಾಕಿ, ಸೀರೆ ಉಟ್ಟು ಬರುವ ಅಕ್ಕತಂಗಿಯರು ಈಗಲೂ ಇದ್ದಾರೆ. ಬಿಟ್ಟುಕೊಡುವುದು ಅವರವರ ಇಷ್ಟ. ಏನನ್ನು ಬಿಟ್ಟುಕೊಡುತ್ತಿದ್ದೇನೆ ಎಂಬುದು ಗೊತ್ತಿರಬೇಕು, ಅಷ್ಟೇ.

ಇನ್ನೊಂದು ಹಳೆಯ ಕಾಯ್ದೆ 1874ರದು, ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ. ಗಂಡ ತನ್ನ ಜೀವದ ಮೇಲಿನ ವಿಮೆಯನ್ನು ಈ ಕಾಯ್ದೆಯಡಿ ಹೆಂಡತಿ ಮಕ್ಕಳ ಹಿತಕ್ಕೆಂದು ಬರೆಸಿದರೆ ಆ ಹಣ ಅವನ ಸಾಲಗಾರರ ಕೈಗೆ ಸಿಗುವುದಿಲ್ಲ. ಪಾಲಿಸಿ ಮಾಡಿಸುವಾಗಲೇ ಅದನ್ನು ಬರೆಸಬೇಕು. ವ್ಯಾಪಾರ ಮಾಡುವ, ಸಾಲ ತೆಗೆಯುವ ಎಷ್ಟು ಮನೆಗಳಲ್ಲಿ ಇದು ಗೊತ್ತಿದೆ?

ನಾಮಿನಿಯ ವಿಷಯದಲ್ಲೂ ತಪ್ಪು ತಿಳಿವಳಿಕೆ ಬಹಳ. ಬ್ಯಾಂಕ್ ಠೇವಣಿಗೆ ನಾಮಿನಿಯಾದವರು ಹಣ ಪಡೆಯಬಹುದು, ಆದರೆ ಅದು ಸೇರಬೇಕಾದದ್ದು ಕಾನೂನುಬದ್ಧ ವಾರಸುದಾರರಿಗೆ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಹಕ್ಕೂ ಅವರದೇ. ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸುವ ಅವಕಾಶ 2025ರ ನವೆಂಬರ್ 1ರಿಂದ ಬಂದಿದೆ. ಇಂಥ ಸಣ್ಣಪುಟ್ಟ ವಿವರಗಳೇ ಒಂದು ಸಂಸಾರವನ್ನು ಉಳಿಸುತ್ತವೆ, ಇಲ್ಲವೇ ಬೀದಿಗೆ ತರುತ್ತವೆ.

ಹೊಸ ಹೆಸರು, ಹಳೆಯ ಕೆಲಸ

ಮನೆ ಬಾಗಿಲಿಗೆ ಹೋಗಿ ಉಳಿತಾಯ ಕಲಿಸುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಅವರು ಆರಂಭಿಸಿದ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಎಂದು ದಿನಕ್ಕೆ ಎರಡಾಣೆ ಸಂಗ್ರಹಿಸಿತು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅಹಮದಾಬಾದಿನಲ್ಲಿ ಇಳಾ ಭಟ್ ಅವರ ಮುಂದಾಳತ್ವದಲ್ಲಿ 1974ರಲ್ಲಿ 4 ಸಾವಿರ ದುಡಿಯುವ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ಸೇವಾ ಬ್ಯಾಂಕ್ ಕಟ್ಟಿದರು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಚೇತನಾ ಸಿನ್ಹಾ ಅವರು ಹಳ್ಳಿಯ ಹೆಂಗಸರೊಡನೆ 1997ರಲ್ಲಿ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕ್ ಸ್ಥಾಪಿಸಿದರು. ಹೆಬ್ಬೆಟ್ಟು ಒತ್ತುವವರು ಬ್ಯಾಂಕ್ ನಡೆಸುವುದು ಹೇಗೆ ಎಂದು ಮೊದಲು ಅವರ ಅರ್ಜಿ ತಿರಸ್ಕೃತವಾಗಿತ್ತು. ಆ ಹೆಂಗಸರು ಓದು ಬರಹ ಕಲಿಯತೊಡಗಿದರು, ಮತ್ತೆ ಹೋಗಿ ಬಡ್ಡಿಯ ಲೆಕ್ಕ ತಮಗೆ ಬಾಯಲ್ಲೇ ಬರುತ್ತದೆ ಎಂದು ಅಧಿಕಾರಿಗಳಿಗೆ ಸವಾಲು ಹಾಕಿದರು. ಪರವಾನಗಿ ಸಿಕ್ಕಿತು.

ಈಗ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಸಂಘಗಳಿವೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದ ಮೇಲೆ ಮನೆಯ ಯಜಮಾನಿಯ ಖಾತೆಗೇ ನೇರವಾಗಿ ಹಣ ಜಮೆಯಾಗತೊಡಗಿತು. ಹೆಂಗಸರ ಹೆಸರಿನಲ್ಲಿ ಖಾತೆ ಇದೆ, ಖಾತೆಗೆ ಹಣ ಬರುತ್ತದೆ. ಆ ಹಣದಿಂದ ಏನು ಮಾಡಬಹುದು ಎಂದು ಅವರ ಭಾಷೆಯಲ್ಲಿ, ಅವರ ಪಕ್ಕ ಕೂತು ಹೇಳುವವರು ಸಾಕಷ್ಟಿಲ್ಲ. ಅವಕಾಶ ಇರುವುದು ಅಲ್ಲಿ.

ಓದುವ ದಾರಿಗಳು

ಎಸ್ಸೆಸ್ಸೆಲ್ಸಿ ಪಾಸಾಗಿ 18 ವರ್ಷ ತುಂಬಿದವರು ತರಬೇತಿ ಪಡೆದು, ಪರೀಕ್ಷೆ ಬರೆದು ಜೀವವಿಮಾ ಏಜೆಂಟ್ ಆಗಬಹುದು. ಭಾರತೀಯ ಜೀವವಿಮಾ ನಿಗಮ 2024ರ ಡಿಸೆಂಬರ್‌ನಲ್ಲಿ ಮಹಿಳೆಯರಿಗೆಂದೇ ‘ಬಿಮಾ ಸಖಿ’ ಯೋಜನೆ ಆರಂಭಿಸಿತು. ಮೊದಲ ವರ್ಷ ತಿಂಗಳಿಗೆ 7 ಸಾವಿರ, ಎರಡನೆಯ ವರ್ಷ 6 ಸಾವಿರ, ಮೂರನೆಯ ವರ್ಷ 5 ಸಾವಿರ ಎಂದು ಶಿಷ್ಯವೇತನ ನಿಗದಿಯಾಯಿತು. ಇಷ್ಟು ಪಾಲಿಸಿ ಮಾಡಿಸಬೇಕು, ಅವು ಚಾಲ್ತಿಯಲ್ಲಿರಬೇಕು ಎಂಬ ಷರತ್ತುಗಳನ್ನು ಓದಿಯೇ ಸೇರಬೇಕು. ಸ್ವಸಹಾಯ ಸಂಘದ ಸದಸ್ಯೆಯರಿಗೆ ‘ಬ್ಯಾಂಕ್ ಸಖಿ’ಯಾಗುವ ದಾರಿಯೂ ಇದೆ.

ಮ್ಯೂಚುವಲ್ ಫಂಡ್ ವಿತರಕಿಯಾಗಬೇಕಾದರೆ ರಾಷ್ಟ್ರೀಯ ಷೇರುಪೇಟೆ ಸಂಸ್ಥೆ, ಅಂದರೆ ಎನ್‌ಐಎಸ್‌ಎಂ, ನಡೆಸುವ ಸರಣಿ 5-ಎ ಪರೀಕ್ಷೆ ಪಾಸು ಮಾಡಬೇಕು. ನೂರು ಪ್ರಶ್ನೆ, ಎರಡು ಗಂಟೆ, ಪಾಸಾಗಲು 50 ಅಂಕ. ಪ್ರಮಾಣಪತ್ರ ಮೂರು ವರ್ಷ ಊರ್ಜಿತ. ನಂತರ ಮ್ಯೂಚುವಲ್ ಫಂಡ್‌ಗಳ ಒಕ್ಕೂಟವಾದ ಆಂಫಿಯಲ್ಲಿ ನೋಂದಾಯಿಸಿ ‘ಎಆರ್‌ಎನ್’ ಸಂಖ್ಯೆ ಪಡೆಯಬೇಕು. ಪದವಿ ಓದುತ್ತಲೇ ಈ ಪರೀಕ್ಷೆಗೆ ತಯಾರಾಗಬಹುದು.

ಪದವಿಯ ನಂತರದ ದಾರಿ ಹೂಡಿಕೆ ಸಲಹೆಗಾರ್ತಿಯದು. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಇದಕ್ಕೆ 2013ರಲ್ಲಿ ನಿಯಮಾವಳಿ ತಂದಿತು. ಸ್ನಾತಕೋತ್ತರ ಅರ್ಹತೆ ಮತ್ತು ಐದು ವರ್ಷದ ಅನುಭವ ಬೇಕೆಂದಿದ್ದ ನಿಯಮವನ್ನು 2024ರ ಡಿಸೆಂಬರ್‌ನಲ್ಲಿ ಸಡಿಲಿಸಿ, ಪದವಿ ಸಾಕು, ಅನುಭವದ ಕಡ್ಡಾಯವಿಲ್ಲ ಎಂದು ಮಾಡಿತು. ಎನ್‌ಐಎಸ್‌ಎಂನ 10-ಎ ಮತ್ತು 10-ಬಿ ಎಂಬ ಎರಡು ಪರೀಕ್ಷೆಗಳನ್ನು ಪಾಸು ಮಾಡಬೇಕು, ಠೇವಣಿ ಇಡಬೇಕು, ಸೆಬಿಯಲ್ಲಿ ನೋಂದಾಯಿಸಬೇಕು. ಹೊಸದಾಗಿ ಪದವಿ ಪಡೆದ ಹುಡುಗಿಯರಿಗೆ ಇದರಿಂದ ಬಾಗಿಲು ದೊಡ್ಡದಾಗಿದೆ.

ಇವೆಲ್ಲಕ್ಕೂ ಭದ್ರ ತಳಹದಿ ಬೇಕೆನ್ನುವವರಿಗೆ ‘ಸಿಎಫ್‌ಪಿ’ ಎಂಬ ಅಂತರರಾಷ್ಟ್ರೀಯ ಮನ್ನಣೆಯ ಅರ್ಹತೆ ಇದೆ. ಹೂಡಿಕೆ, ನಿವೃತ್ತಿ ಮತ್ತು ತೆರಿಗೆ, ವಿಮೆ ಮತ್ತು ಆಸ್ತಿ ಹಸ್ತಾಂತರ, ಕೊನೆಗೆ ಎಲ್ಲವನ್ನೂ ಒಟ್ಟುಗೂಡಿಸಿ ಒಂದು ಕುಟುಂಬಕ್ಕೆ ಯೋಜನೆ ಬರೆಯುವುದು, ಹೀಗೆ ಭಾಗ ಭಾಗವಾಗಿ ಪರೀಕ್ಷೆಗಳು. ಪರೀಕ್ಷೆ ಪಾಸಾದರಷ್ಟೇ ಸಾಲದು, ಕೆಲಸದ ಅನುಭವ ಬೇಕು, ವೃತ್ತಿನೀತಿಗೆ ಬದ್ಧಳಾಗಿರುತ್ತೇನೆಂದು ಒಪ್ಪಬೇಕು. ಬಿ.ಕಾಂ. ವಿದ್ಯಾರ್ಥಿನಿಯರಿಗೆ ಇದು ಸಹಜವಾದ ಮುಂದುವರಿಕೆ. ಕಲಾ ಅಥವಾ ವಿಜ್ಞಾನ ಓದಿದವರೂ ಹೆದರಬೇಕಿಲ್ಲ. ಇಲ್ಲಿ ಬೇಕಾದ ಗಣಿತ ಶೇಕಡಾ ಮತ್ತು ಚಕ್ರಬಡ್ಡಿ, ಶಾಲೆಯಲ್ಲಿ ಕಲಿತದ್ದೇ.

ಯಾರ ಉಪ್ಪು ತಿನ್ನುತ್ತೀರಿ?

ಈ ವೃತ್ತಿಯಲ್ಲಿ ಆದಾಯ ಬರುವ ಬಗೆಗಳು ಎರಡು. ವಿಮಾ ಏಜೆಂಟ್ ಮತ್ತು ಫಂಡ್ ವಿತರಕಿಗೆ ಕಂಪನಿ ಕಮಿಷನ್ ಕೊಡುತ್ತದೆ. ಸೆಬಿಯಲ್ಲಿ ನೋಂದಾಯಿತಳಾದ ಸಲಹೆಗಾರ್ತಿಗೆ ಗ್ರಾಹಕರೇ ಶುಲ್ಕ ಕೊಡುತ್ತಾರೆ. ಸಲಹೆ ಕೊಟ್ಟವರ ಹೂಡಿಕೆಯ ಮೇಲೆ ಆಕೆ ಕಮಿಷನ್ ಮುಟ್ಟುವಂತಿಲ್ಲ. ವಿತರಕಿಯಾದವಳು ತನ್ನನ್ನು ಸಲಹೆಗಾರ್ತಿ ಎಂದು ಕರೆದುಕೊಳ್ಳುವಂತಿಲ್ಲ. ಎರಡೂ ಗೌರವದ ಕೆಲಸಗಳೇ. ಆದರೆ ಆಸೆ ಎಲ್ಲಿ ಬರುತ್ತದೆ ಎಂಬುದನ್ನು ತಿಳಿದಿರಬೇಕು.

ಒಂದು ಉದಾಹರಣೆ. ತಿಂಗಳಿಗೆ 2 ಸಾವಿರ ಉಳಿಸಬಲ್ಲ ಅಂಗನವಾಡಿ ಕಾರ್ಯಕರ್ತೆಯೊಬ್ಬರು ನಿಮ್ಮೆದುರು ಕೂತಿದ್ದಾರೆ ಎನ್ನಿ. ಅವರ ಮೇಲೆ ಕೈಸಾಲವಿದೆ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದರೆ ವರ್ಷಕ್ಕೆ ಶೇ 36. ಅಷ್ಟು ಲಾಭ ಕೊಡುವ ಯಾವ ಪಾಲಿಸಿಯೂ, ಯಾವ ಫಂಡೂ ನಿಶ್ಚಿತವಾಗಿ ಇಲ್ಲ. ಮೊದಲು ಸಾಲ ತೀರಿಸಿ ಎನ್ನುವುದೇ ಸರಿಯಾದ ಸಲಹೆ. ಆದರೆ ಆ ಸಲಹೆಗೆ ನಿಮಗೆ ಒಂದು ಪೈಸೆ ಕಮಿಷನ್ ಬರುವುದಿಲ್ಲ. ಆ ಗಳಿಗೆಯಲ್ಲಿ ನೀವು ಏನು ಹೇಳುತ್ತೀರಿ ಎಂಬುದರ ಮೇಲೆ ನಿಮ್ಮ ಮುಂದಿನ ಇಪ್ಪತ್ತು ವರ್ಷದ ಹೆಸರು ನಿಂತಿರುತ್ತದೆ. ಹೊಸ ಮಹಿಳಾ ಹೂಡಿಕೆದಾರರನ್ನು ಕರೆತರುವ ವಿತರಕರಿಗೆ ಹೆಚ್ಚುವರಿ ಪ್ರೋತ್ಸಾಹಧನ ಕೊಡಲು 2025ರಲ್ಲಿ ಸೆಬಿ ನಿರ್ಧರಿಸಿತು. ಉದ್ದೇಶ ಒಳ್ಳೆಯದೇ. ಹಾಗೆಂದು ಪಕ್ಕದ ಮನೆಯಾಕೆ ಒಂದು ‘ಹೊಸ ಖಾತೆ’ಯಾಗಿ ಮಾತ್ರ ಕಾಣಬಾರದು.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಮೊದಲ ಎರಡು ಮೂರು ವರ್ಷ ಆದಾಯ ಕಡಿಮೆ. ಸಂಬಳದಂತೆ ಒಂದನೆಯ ತಾರೀಖಿಗೆ ಬರುವುದಿಲ್ಲ. ಸಲಹೆಗೆ ದುಡ್ಡು ಕೊಡುವ ಅಭ್ಯಾಸ ನಮ್ಮವರಿಗೆ ಇನ್ನೂ ಬಂದಿಲ್ಲ. ಆದ್ದರಿಂದ ಮೊದಲು ಬ್ಯಾಂಕು, ಫಂಡ್ ಸಂಸ್ಥೆ ಅಥವಾ ಅನುಭವಿ ಯೋಜಕರ ಕಚೇರಿಯಲ್ಲಿ ಸಂಬಳಕ್ಕೆ ಸೇರಿ ಕೆಲಸ ಕಲಿತು, ಆಮೇಲೆ ಸ್ವಂತ ಬೋರ್ಡು ಹಾಕುವುದು ಜಾಣತನ. ಹೆಚ್ಚು ಮಾತನಾಡುವವರಿಗಿಂತ ತಾಳ್ಮೆಯಿಂದ ಕೇಳಿಸಿಕೊಳ್ಳುವವರಿಗೆ ಈ ವೃತ್ತಿ ಒಗ್ಗುತ್ತದೆ. ಒಂದು ಮನೆಯ ಗುಟ್ಟು ಇನ್ನೊಂದು ಮನೆಗೆ ಹೋಗಬಾರದು. ಗ್ರಾಹಕರ ಹಣ ಎಂದೂ ನಿಮ್ಮ ಸ್ವಂತ ಖಾತೆಗೆ ಬರಬಾರದು. ಖಾಲಿ ಅರ್ಜಿಗೆ ಯಾರಿಂದಲೂ ಸಹಿ ಹಾಕಿಸಬಾರದು.

ಪಾಲಕರಿಗೆ ಎರಡು ಮಾತು

ಮಗಳಿಗೆ ಈ ವೃತ್ತಿ ಬೇಕೋ ಬೇಡವೋ ಎಂಬುದನ್ನು ಆಮೇಲೆ ನಿರ್ಧರಿಸಿ. ಮೊದಲು ಅವಳನ್ನು ನಿಮ್ಮ ಮನೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಈ ಭಾನುವಾರ ಇನ್ನೂರು ಪುಟದ ಒಂದು ನೋಟ್‌ಬುಕ್ ತರಿಸಿ. ಬ್ಯಾಂಕ್ ಖಾತೆಗಳು, ಠೇವಣಿಗಳು, ಪಾಲಿಸಿಗಳು, ಸಾಲ, ಜಾಮೀನು, ಕೊಟ್ಟ ಕೈಗಡ, ಆಸ್ತಿಪತ್ರ ಇಟ್ಟ ಜಾಗ, ಪ್ರತಿಯೊಂದರ ನಾಮಿನಿ ಇವನ್ನೆಲ್ಲ ನೀವು ಹೇಳುತ್ತ ಹೋಗಿ, ಅವಳು ಬರೆಯಲಿ. ತಾಯಿಯೂ ಪಕ್ಕದಲ್ಲಿ ಕೂತಿರಲಿ. ಮಗನಿದ್ದರೆ ಅವನೂ ಇರಲಿ. ಎರಡು ಗಂಟೆಯ ಕೆಲಸ. ಬರೆಯುತ್ತ ಬರೆಯುತ್ತ ಮಗಳು ಪ್ರಶ್ನೆ ಕೇಳತೊಡಗಿದರೆ ಅವಳಿಗೆ ಈ ವೃತ್ತಿಯಲ್ಲಿ ಆಸಕ್ತಿಯಿದೆ ಎಂದು ತಿಳಿಯಿರಿ. ಕೇಳದಿದ್ದರೂ ನಷ್ಟವಿಲ್ಲ, ಮನೆಗೊಂದು ದಾಖಲೆಯಾಯಿತು.

ಚಿಕ್ಕಮ್ಮ 2009ರಲ್ಲಿ ಏಜೆನ್ಸಿ ಬಿಟ್ಟರು. ಈಗ ಮಗಳ ಮನೆಯಲ್ಲಿದ್ದಾರೆ. ಹೋದ ತಿಂಗಳು ನೋಡಲು ಹೋದಾಗ, ಕೆಲಸಕ್ಕೆ ಸೇರಿದ ಮೊಮ್ಮಗಳು ಮೊದಲ ಸಂಬಳದಲ್ಲಿ ಸೀರೆ ತಂದು ಕಾಲಿಗೆ ನಮಸ್ಕಾರ ಮಾಡಿದಳು. ಚಿಕ್ಕಮ್ಮ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ಕೈ ತೆಗೆಯುವ ಮೊದಲೇ ಕೇಳಿದರು: ‘ಖಾತೆಗೆ ನಾಮಿನಿ ಯಾರನ್ನು ಬರೆಸಿದ್ದೀಯೇ?’

ಹಾವೇರಿಯ ತಾಯಿಯವರೇ, ನಿಮ್ಮ ಮಗಳು ಬಿ.ಕಾಂ. ಸೇರಲಿ. ಬ್ಯಾಂಕ್ ಪರೀಕ್ಷೆಯನ್ನೂ ಬರೆಯಲಿ, ತಪ್ಪೇನಿಲ್ಲ. ಜೊತೆಗೆ ಈ ದಾರಿಯನ್ನೂ ನೋಡಲಿ. ಅವಳ ಮೊದಲ ಗ್ರಾಹಕಿ ನೀವೇ ಆಗಿ.